ಅಳೆದದ್ದೇ ಅರ್ಥವೇ?

ಸಕ್ಕರೆ ಪಾಕ ಮಾಡಿ ಗೊತ್ತಿರುವವರಿಗೆ ‘ಒಂದೆಳೆ ಪಾಕ’ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕುದಿಯುತ್ತಿರುವ ಪಾಕದ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಅಗಲಿಸಬೇಕು. ಒಂದು ಎಳೆ ಮುರಿಯದೆ ನಿಂತರೆ ಅದು ಒಂದೆಳೆ ಪಾಕ. ಪಾಕವನ್ನು ಪರೀಕ್ಷಿಸುವ ವಿಧಾನವೇ ಇಲ್ಲಿ ಹದದ ಹೆಸರೂ ಆಗಿದೆ. ನೀರೆಷ್ಟು, ಸಕ್ಕರೆಯೆಷ್ಟು, ಒಳಗೆ ನಡೆಯುತ್ತಿರುವುದೇನು ಎಂಬುದನ್ನೆಲ್ಲ ಬದಿಗಿಟ್ಟು, ‘ಹೀಗೆ ಮಾಡಿ ನೋಡು, ಹೀಗಾದರೆ ಅದೇ ಇದು’ ಎಂದು ಹೇಳಿ ಮುಗಿಸುವ ವ್ಯಾಖ್ಯೆ ಇದು.

ವಿಜ್ಞಾನದ ಪರಿಕಲ್ಪನೆಗಳಿಗೂ ಇಂಥದೇ ವ್ಯಾಖ್ಯೆ ಬೇಕೆಂದು ಗಟ್ಟಿಯಾಗಿ ವಾದಿಸಿದವನು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪರ್ಸಿ ಬ್ರಿಜ್‌ಮನ್. 1927ರಲ್ಲಿ ಬಂದ ‘ದ ಲಾಜಿಕ್ ಆಫ್ ಮಾಡರ್ನ್ ಫಿಸಿಕ್ಸ್’ ಎಂಬ ಪುಸ್ತಕದಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಉದ್ದ ಎಂದರೆ ಉದ್ದವನ್ನು ಅಳೆಯಲು ನಾವು ಮಾಡುವ ಕೆಲಸಗಳ ಸರಣಿ, ಅದರಾಚೆಗೆ ಆ ಪದಕ್ಕೆ ಬೇರೆ ಅರ್ಥವಿಲ್ಲ. ಹೊಲದ ಉದ್ದವನ್ನು ಸರಪಳಿ ಹಿಡಿದು ಅಳೆಯುತ್ತೇವೆ, ನಕ್ಷತ್ರದ ದೂರವನ್ನು ಬೆಳಕು ಮತ್ತು ಕೋನಗಳಿಂದ ಲೆಕ್ಕ ಹಾಕುತ್ತೇವೆ. ಮಾಡುವ ಕೆಲಸ ಬೇರೆಯಾದ ಮೇಲೆ, ಕಟ್ಟುನಿಟ್ಟಾಗಿ ನೋಡಿದರೆ, ಪರಿಕಲ್ಪನೆಯೂ ಬೇರೆಯೇ. ಎರಡನ್ನೂ ‘ಉದ್ದ’ ಎಂದು ಕರೆಯುವುದು ನಮ್ಮ ಅನುಕೂಲಕ್ಕೆ. ಈ ನಿಲುವಿಗೆ ಮುಂದೆ ‘ಆಪರೇಷನಲಿಸಂ’ ಎಂಬ ಹೆಸರು ಬಂತು. ಕನ್ನಡದಲ್ಲಿ ಪ್ರಕ್ರಿಯಾವಾದ ಎನ್ನಬಹುದು.

ಬ್ರಿಜ್‌ಮನ್ ಇಲ್ಲಿಗೆ ಬಂದದ್ದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ಐನ್‌ಸ್ಟೈನ್. ದೂರದ ಎರಡು ಜಾಗಗಳಲ್ಲಿ ಎರಡು ಘಟನೆಗಳು ‘ಒಂದೇ ಕ್ಷಣದಲ್ಲಿ’ ನಡೆದವು ಎನ್ನುವ ಮಾತಿನ ಅರ್ಥ ಎಲ್ಲರಿಗೂ ಗೊತ್ತೆಂದು ಇನ್ನೂರು ವರ್ಷ ಭೌತವಿಜ್ಞಾನ ನಂಬಿತ್ತು. 1905ರಲ್ಲಿ ಐನ್‌ಸ್ಟೈನ್ ‘ಅದನ್ನು ಪತ್ತೆ ಮಾಡುವುದು ಹೇಗೆ?’ ಎಂದು ಕೇಳಿದ. ಆ ಒಂದು ಪ್ರಶ್ನೆಗೆ ಕಾಲದ ಹಳೆಯ ಕಲ್ಪನೆ ಕುಸಿಯಿತು. ಅರ್ಥವನ್ನು ಮೊದಲೇ ಅಳತೆಗೆ ಕಟ್ಟಿದ್ದರೆ ಇಂಥ ಆಘಾತ ಆಗುತ್ತಲೇ ಇರಲಿಲ್ಲ ಎಂಬುದು ಬ್ರಿಜ್‌ಮನ್ನನ ಲೆಕ್ಕಾಚಾರ.

ಎರಡನೆಯ ಕಾರಣ ಅವನ ಪ್ರಯೋಗಾಲಯದಲ್ಲೇ ಇತ್ತು. ಪದಾರ್ಥಗಳನ್ನು ಅತಿ ಹೆಚ್ಚಿನ ಒತ್ತಡದಲ್ಲಿ ಅಧ್ಯಯನ ಮಾಡುವುದು ಅವನ ಜೀವಮಾನದ ಕೆಲಸ. 1946ರಲ್ಲಿ ನೊಬೆಲ್ ಬಹುಮಾನ ಬಂದದ್ದೂ ಅದಕ್ಕೇ. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯಾಗುವ ಸೀಲೊಂದನ್ನು ಅವನು ರೂಪಿಸಿದ. ಅದರಿಂದಾಗಿ ಹಿಂದೆ ಯಾರೂ ಮುಟ್ಟದ ಒತ್ತಡಗಳಿಗೆ ತಲುಪಿದ. ಆದರೆ ಯಾರೂ ಹೋಗದ ಊರಿಗೆ ಮೈಲಿಗಲ್ಲು ಇರುವುದಿಲ್ಲ. ಅಲ್ಲಿನ ಒತ್ತಡವನ್ನು ಅಳೆಯುವ ಮಾಪಕವೇ ಇರಲಿಲ್ಲ, ಅದನ್ನೂ ಅವನೇ ಕಟ್ಟಬೇಕಾಯಿತು. ಮ್ಯಾಂಗನಿನ್ ಎಂಬ ಮಿಶ್ರಲೋಹದ ತಂತಿಯ ವಿದ್ಯುತ್ ರೋಧ ಒತ್ತಡದೊಂದಿಗೆ ಬದಲಾಗುವುದನ್ನು ಬಳಸಿಕೊಂಡ. ಸೊನ್ನೆ ಡಿಗ್ರಿಯಲ್ಲಿ ಪಾದರಸ ಹೆಪ್ಪುಗಟ್ಟುವ ಒತ್ತಡವನ್ನು, ಅಂದರೆ ವಾತಾವರಣದ ಒತ್ತಡದ ಸುಮಾರು 7,500 ಪಟ್ಟನ್ನು, ಒಂದು ಗುರುತುಕಲ್ಲಾಗಿ ನೆಟ್ಟ. ಹೊಸ ಸೀಮೆಯಲ್ಲಿ ‘ಒತ್ತಡ’ ಎಂಬ ಪದಕ್ಕೆ ತನ್ನ ಕೈಯಾರೆ ಅರ್ಥ ತುಂಬಿದವನಿಗೆ, ಅರ್ಥವೆಂದರೆ ಆ ಕೆಲಸವೇ ಎನ್ನಿಸಿದ್ದು ಸಹಜ.

ಅವನ ವಾದ ಎಷ್ಟು ದೂರ ನಿಲ್ಲುತ್ತದೆ? ಇದನ್ನು ಒರೆಗೆ ಹಚ್ಚಲು ಉಷ್ಣತೆಯ ಇತಿಹಾಸಕ್ಕಿಂತ ಒಳ್ಳೆಯ ಕಲ್ಲು ಸಿಗಲಾರದು. ಬ್ರಿಜ್‌ಮನ್ನನಿಗೆ ಒತ್ತಡದ ವಿಷಯದಲ್ಲಿ ಎದುರಾದ ಕಷ್ಟವನ್ನು ಯುರೋಪಿನ ಪ್ರಯೋಗಶೀಲರು ಬಿಸಿಯ ವಿಷಯದಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅನುಭವಿಸಿದ್ದರು. ನಮ್ಮ ‘ತಾಪಮಾನ’ ಎಂಬ ಪದದಲ್ಲೇ ‘ಮಾನ’, ಎಂದರೆ ಅಳತೆ, ಸೇರಿಕೊಂಡಿದೆ. ಆ ಅಳತೆ ಹುಟ್ಟಿದ ದಾರಿ ಮಾತ್ರ ನೇರವಾಗಿರಲಿಲ್ಲ.

*

ಗಾಜಿನ ನಳಿಕೆಯಲ್ಲಿ ದ್ರವ ಏರಿಳಿಯುವುದನ್ನು ನೋಡಿ ಬಿಸಿ ತಂಪುಗಳನ್ನು ಗುರುತಿಸುವ ಉಪಕರಣಗಳು 17ನೇ ಶತಮಾನದ ಆರಂಭದಲ್ಲೇ ಇಟಲಿಯಲ್ಲಿ ಬಂದಿದ್ದವು. ಆದರೆ ಒಬ್ಬನ ನಳಿಕೆ ಇನ್ನೊಬ್ಬನದರೊಂದಿಗೆ ಮಾತಾಡುತ್ತಿರಲಿಲ್ಲ. ಎಲ್ಲರೂ ಒಪ್ಪುವ ಎರಡು ಸ್ಥಿರ ಬಿಂದುಗಳು ಬೇಕಿದ್ದವು. ಬೆಣ್ಣೆ ಕರಗುವ ಬಿಸಿ, ಆರೋಗ್ಯವಂತನ ಮೈಬಿಸಿ, ಪ್ಯಾರಿಸ್ ವೀಕ್ಷಣಾಲಯದ ಆಳದ ನೆಲಮಾಳಿಗೆಯ ತಂಪು – ಹೀಗೆ ಏನೇನೋ ಸೂಚನೆಗಳು ಬಂದವು. ಕೊನೆಗೆ ಮಂಜು ಕರಗುವ ಮತ್ತು ನೀರು ಕುದಿಯುವ ಬಿಂದುಗಳು ಗೆದ್ದವು. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ಇವೆರಡರ ನಡುವೆ ನೂರು ಭಾಗ ಮಾಡಿದ. ಅವನ ಮಾಪಕದಲ್ಲಿ ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು ನೂರು. ಅದನ್ನು ತಿರುಗಿಸಿದ್ದು ಅನಂತರ.

ನೀರು ಕುದಿಯುವ ಬಿಂದುವಾದರೂ ಸ್ಥಿರವೇ? ಎತ್ತರಕ್ಕೆ ಹೋದಂತೆ ಅದು ಇಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಅಡುಗೆಮನೆಗಳಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ವಾಯುಭಾರದ ಲೆಕ್ಕ ಹಿಡಿದು ಇದನ್ನು ಸರಿಪಡಿಸಬಹುದು. ತೊಡಕು ಅಷ್ಟಕ್ಕೇ ಮುಗಿಯಲಿಲ್ಲ. ಜಿನೀವಾದ ಜಾನ್ ಆಂದ್ರೆ ಡೆಲುಕ್ ಎಂಬಾತ ನೀರಿನಲ್ಲಿ ಕರಗಿದ ಗಾಳಿಯೇ ಕುದಿತವನ್ನು ಕೆಡಿಸುತ್ತಿದೆಯೇನೋ ಎಂದುಕೊಂಡು, ಆ ಗಾಳಿಯನ್ನು ಹೊರಹಾಕಲು ಒಂದು ಸೀಸೆ ನೀರನ್ನು ನಾಲ್ಕು ವಾರ ಅಲುಗಾಡಿಸಿದ. ಊಟ ಮಾಡುವಾಗ, ಓದುವಾಗ, ಗೆಳೆಯರನ್ನು ಕಾಣಲು ಹೋದಾಗಲೂ ಸೀಸೆ ಕೈಯಲ್ಲೇ ಇತ್ತು. ನಿದ್ದೆಯ ಹೊತ್ತಿಗೆ ಮಾತ್ರ ಕೆಳಗಿಡುತ್ತಿದ್ದ. ಹೀಗೆ ‘ಶುದ್ಧ’ಗೊಂಡ ನೀರು 112 ಡಿಗ್ರಿಯವರೆಗೂ ಕುದಿಯದೆ ಏರಿ, ಆಮೇಲೆ ಸಿಡಿಯಿತು! ಸ್ಥಿರವೆಂದು ನಂಬಿದ್ದ ಬಿಂದು ಹನ್ನೆರಡು ಡಿಗ್ರಿ ಜಾರಿತ್ತು. ಕಡೆಗೆ ಲಂಡನ್ನಿನ ರಾಯಲ್ ಸೊಸೈಟಿ ಹೆನ್ರಿ ಕ್ಯಾವೆಂಡಿಶ್ ನೇತೃತ್ವದಲ್ಲಿ ಒಂದು ಸಮಿತಿಯನ್ನೇ ಮಾಡಿತು. 1777ರ ಅದರ ವರದಿಯ ಮುಖ್ಯ ಸಲಹೆ: ಥರ್ಮಾಮೀಟರನ್ನು ನೀರಿನಲ್ಲಿ ಮುಳುಗಿಸಬೇಡಿ, ಮೇಲಿನ ಹಬೆಯಲ್ಲಿ ಹಿಡಿಯಿರಿ. ಹಬೆ ನೀರಿಗಿಂತ ನಂಬಿಕಸ್ಥವಾಗಿತ್ತು.

ಇಲ್ಲೊಂದು ಮಾತನ್ನು ಗಮನಿಸಬೇಕು. ‘ನೀರು ಕುದಿಯುವ ಬಿಸಿಯೇ ನೂರು ಡಿಗ್ರಿ’ ಎಂಬುದು ಅಪ್ಪಟ ವ್ಯಾಖ್ಯೆಯಾಗಿದ್ದರೆ, ಡೆಲುಕ್‌ನ ನೀರು ಸಿಡಿದ ಬಿಂದುವೂ ನೂರೇ ಆಗಬೇಕಿತ್ತು. ಯಾರೂ ಹಾಗೆ ಹೇಳಲಿಲ್ಲ. ವ್ಯಾಖ್ಯೆಯೇ ಸರಿಯಿಲ್ಲವೆಂದು ತೀರ್ಮಾನಿಸಿ ಅದನ್ನು ತಿದ್ದಿದರು. ತಿದ್ದಬೇಕೆಂದು ಅವರಿಗೆ ಹೇಳಿದ್ದು ಯಾವುದು?

*

ಎರಡು ತುದಿ ಸಿಕ್ಕಿದ ಮೇಲೆ ನಡುವಿನ ಪ್ರಶ್ನೆ ಎದ್ದಿತು. ಪಾದರಸದ ಥರ್ಮಾಮೀಟರಿನಲ್ಲಿ ಸೊನ್ನೆ ಮತ್ತು ನೂರರ ನಡುವನ್ನು ಸಮವಾಗಿ ಭಾಗ ಮಾಡಿ. ಮದ್ಯಸಾರದ್ದನ್ನೂ ಹಾಗೆಯೇ ಮಾಡಿ. ನೀರಿನದನ್ನೂ ಮಾಡಿ. ತುದಿಗಳಲ್ಲಿ ಮೂರೂ ಒಪ್ಪುತ್ತವೆ. ಆದರೆ ಪಾದರಸ 50 ತೋರಿಸುವಾಗ ಮದ್ಯಸಾರ ಸುಮಾರು 44 ತೋರಿಸುತ್ತದೆ, ನೀರು ಸುಮಾರು 26. ಯಾವುದು ನಿಜವಾದ ಐವತ್ತು? ಬಿಸಿಯೊಂದಿಗೆ ಸಮವಾಗಿ ಹಿಗ್ಗುವ ದ್ರವವೇ ಸರಿ ಎನ್ನೋಣ. ಸಮವಾಗಿ ಹಿಗ್ಗುತ್ತಿದೆಯೇ ಎಂದು ನೋಡಲು ಬಿಸಿ ಎಷ್ಟೆಂದು ಮೊದಲೇ ಗೊತ್ತಿರಬೇಕು. ಅದು ಗೊತ್ತಾಗಲು ನಂಬಬಹುದಾದ ಥರ್ಮಾಮೀಟರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂಥ ಸ್ಥಿತಿ.

ಡೆಲುಕ್ ಒಂದು ಉಪಾಯ ಮಾಡಿದ. ಸೊನ್ನೆ ಡಿಗ್ರಿಯ ನೀರನ್ನೂ ನೂರು ಡಿಗ್ರಿಯ ನೀರನ್ನೂ ಸಮ ಪ್ರಮಾಣದಲ್ಲಿ ಬೆರೆಸಿದರೆ ಐವತ್ತು ಬರಬೇಕು. ಅದನ್ನು ಯಾವ ದ್ರವ ತೋರಿಸುತ್ತದೆ ನೋಡೋಣ ಎಂದ. ಪಾದರಸ ಗೆದ್ದಿತು. ಆದರೆ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಎಲ್ಲ ಹಂತದಲ್ಲೂ ಅಷ್ಟೇ ಶಾಖ ಸಾಕು ಎಂಬ ಊಹೆ ಇದರಲ್ಲಿ ಅಡಗಿತ್ತು. ಅದನ್ನು ಪರೀಕ್ಷಿಸಲು ಮತ್ತೆ ಥರ್ಮಾಮೀಟರೇ ಬೇಕು.

ಬ್ರಿಜ್‌ಮನ್ ಇಲ್ಲಿದ್ದಿದ್ದರೆ ಗಂಟನ್ನು ಕತ್ತರಿಸಿ ಹಾಕುತ್ತಿದ್ದ: ‘ನಿಜವಾದ ಐವತ್ತು’ ಎಂಬುದೇ ಇಲ್ಲ. ಪಾದರಸದ ಉಷ್ಣತೆಯೊಂದು, ಮದ್ಯಸಾರದ ಉಷ್ಣತೆ ಇನ್ನೊಂದು, ಅಷ್ಟೇ. ಈ ಉತ್ತರ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಅದನ್ನು ತರ್ಕದಿಂದ ಅಲುಗಿಸುವುದು ಕಷ್ಟ. ಅದನ್ನು ಅಲುಗಿಸಿದ್ದು ಇಂಗ್ಲೆಂಡಿನ ಒಬ್ಬ ಕುಂಬಾರ.

ಜೊಸಾಯ ವೆಜ್‌ವುಡ್ ಪಿಂಗಾಣಿ ಉದ್ಯಮದಲ್ಲಿ ದೊಡ್ಡ ಹೆಸರು, ಮುಂದೆ ಚಾರ್ಲ್ಸ್ ಡಾರ್ವಿನ್ನನ ತಾತ. ಕುಲುಮೆಯ ಬಿಸಿಯನ್ನು ಅಳೆಯುವುದು ಅವನಿಗೆ ಹೊಟ್ಟೆಪಾಡಿನ ವಿಷಯ. ಸ್ವಲ್ಪ ಹೆಚ್ಚುಕಡಿಮೆಯಾದರೂ ಪಾತ್ರೆಗಳು ಹಾಳು. ಪಾದರಸ ಸುಮಾರು 357 ಡಿಗ್ರಿಗೆ ಕುದಿದು ಹೋಗುವುದರಿಂದ ಕುಲುಮೆಯೊಳಗೆ ಅದರ ಆಟ ನಡೆಯದು. 1782ರಲ್ಲಿ ವೆಜ್‌ವುಡ್ ಹೊಸ ದಾರಿ ಕಂಡುಕೊಂಡ. ಸುಟ್ಟಾಗ ಜೇಡಿಮಣ್ಣು ಕುಗ್ಗುತ್ತದೆ, ತಣಿದ ಮೇಲೂ ಕುಗ್ಗಿದಂತೆಯೇ ಉಳಿಯುತ್ತದೆ. ಒಂದೇ ಅಳತೆಯ ಮಣ್ಣಿನ ತುಂಡನ್ನು ಕುಲುಮೆಗೆ ಹಾಕಿ ತೆಗೆದು, ಕಿರಿದಾಗುತ್ತ ಹೋಗುವ ಹಿತ್ತಾಳೆಯ ಸಂದಿಯಲ್ಲಿ ಜಾರಿಸಿದರೆ, ಅದು ನಿಂತ ಜಾಗವೇ ಬಿಸಿಯ ಅಂಕಿ. ಒಂದೆಳೆ ಪಾಕದಷ್ಟೇ ಸ್ಪಷ್ಟವಾದ ವಿಧಾನ.

ಅಲ್ಲಿಗೆ ನಿಂತಿದ್ದರೆ ಅವನನ್ನು ಯಾರೂ ತಪ್ಪು ಎನ್ನುವಂತಿರಲಿಲ್ಲ. ಆದರೆ ಅವನು ತನ್ನ ಅಂಕಿಗಳನ್ನು ಪಾದರಸದ ಅಂಕಿಗಳಿಗೆ ಜೋಡಿಸಹೊರಟ. ನಡುವೆ ಸೇತುವೆಯಾಗಿ ಬೆಳ್ಳಿಯ ತುಂಡೊಂದರ ಹಿಗ್ಗುವಿಕೆಯನ್ನು ಬಳಸಿದ. ಅವನ ಲೆಕ್ಕದಲ್ಲಿ ಬೆಳ್ಳಿ ಕರಗುವುದು ಇಂದಿನ ಸೆಲ್ಸಿಯಸ್‌ನಲ್ಲಿ ಸುಮಾರು 2,600 ಡಿಗ್ರಿಗೆ, ಬೀಡುಕಬ್ಬಿಣ ಕರಗುವುದು ಹತ್ತಿರ ಹತ್ತಿರ 10,000 ಡಿಗ್ರಿಗೆ. ಇಂದು ನಮಗೆ ಗೊತ್ತಿರುವಂತೆ ಬೆಳ್ಳಿಗೆ 962 ಸಾಕು, ಬೀಡುಕಬ್ಬಿಣಕ್ಕೆ ಸುಮಾರು 1,200.

‘ಮಣ್ಣು ತೋರಿದ್ದೇ ಆ ಸೀಮೆಯ ಉಷ್ಣತೆ’ ಎಂದು ಹೇಳಿದ ಮೇಲೆ ಅವನು ತಪ್ಪು ಎಂದು ಯಾವ ಆಧಾರದಿಂದ ಹೇಳುವುದು? ಮುಂದಿನ ಐವತ್ತು ವರ್ಷಗಳಲ್ಲಿ ಬೇರೆ ಬೇರೆಯವರು ಬೇರೆ ಬೇರೆ ದಾರಿ ಹಿಡಿದರು. ಒಬ್ಬರು ಪ್ಲಾಟಿನಂ ಕಂಬಿ ಹಿಗ್ಗುವುದನ್ನು ಅಳೆದರು. ಇನ್ನೊಬ್ಬರು ಕಾದ ಲೋಹ ಎಷ್ಟು ಮಂಜನ್ನು ಕರಗಿಸುತ್ತದೆಂದು ತೂಗಿದರು. ಮತ್ತೊಬ್ಬರು ಗಾಳಿ ಹಿಗ್ಗುವುದನ್ನು ನೋಡಿದರು. ಇವುಗಳಲ್ಲಿ ಯಾವುದೂ ನಿಷ್ಕಳಂಕವಲ್ಲ, ಪ್ರತಿಯೊಂದರಲ್ಲೂ ಒಂದಲ್ಲ ಒಂದು ಊಹೆ ಇತ್ತು. ಆದರೂ ಒಂದಕ್ಕೊಂದು ಸಂಬಂಧವಿಲ್ಲದ ಈ ದಾರಿಗಳು ಹೆಚ್ಚುಕಡಿಮೆ ಒಂದೇ ಕಡೆ ಬಂದು ಸೇರಿದವು, ವೆಜ್‌ವುಡ್‌ನ ಮಣ್ಣು ಮಾತ್ರ ಎಲ್ಲೋ ದೂರದಲ್ಲಿ ಒಂಟಿಯಾಗಿ ಉಳಿಯಿತು. ಅವನನ್ನು ತಪ್ಪು ಎಂದದ್ದು ಯಾವುದೋ ಒಂದು ನಿಜವಾದ ಥರ್ಮಾಮೀಟರ್ ಅಲ್ಲ, ಹಲವು ಅಪೂರ್ಣ ಸಾಕ್ಷಿಗಳ ಒಮ್ಮತ.

ಉಷ್ಣತೆ ಎಂಬ ಪರಿಕಲ್ಪನೆ ಯಾವ ಒಂದು ಅಳತೆಯ ಜೇಬಿನಲ್ಲೂ ಪೂರ್ತಿ ಹಿಡಿಸಿರಲಿಲ್ಲ. ಹಿಡಿಸಿದ್ದರೆ ವೆಜ್‌ವುಡ್ ತಪ್ಪಾಗುವ ಸಾಧ್ಯತೆಯೇ ಇರುತ್ತಿರಲಿಲ್ಲ, ಅವನನ್ನು ತಿದ್ದುವ ಸಾಧ್ಯತೆಯೂ ಇರುತ್ತಿರಲಿಲ್ಲ.

*

ಈ ಪಾಠವನ್ನು ಶಿಸ್ತಾಗಿ ಬೆಳೆಸಿದವನು ಪ್ಯಾರಿಸ್ಸಿನ ವಿಕ್ತೋರ್ ರೆನ್ಯೊ. ಹಬೆ ಎಂಜಿನ್ನುಗಳಿಗೆ ಬೇಕಾದ ಅಂಕಿಅಂಶಗಳನ್ನೆಲ್ಲ ಹೊಸದಾಗಿ ಅಳೆದುಕೊಡುವ ಕೆಲಸವನ್ನು 1840ರ ದಶಕದಲ್ಲಿ ಫ್ರೆಂಚ್ ಸರ್ಕಾರ ಅವನಿಗೆ ವಹಿಸಿತ್ತು. ಉಷ್ಣತೆಯ ಸ್ವರೂಪ ಕುರಿತ ಸಿದ್ಧಾಂತಗಳನ್ನು ಅವನು ನಂಬುತ್ತಿರಲಿಲ್ಲ. ಉಪಕರಣಕ್ಕೆ ಅವನು ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಜಾತಿಯವರೆಲ್ಲ ಒಂದೇ ಮಾತು ಹೇಳುತ್ತೀರಾ? ಒಂದೇ ಕಡೆ ಇಟ್ಟ ಎರಡು ಪಾದರಸ ಥರ್ಮಾಮೀಟರುಗಳು ಬೇರೆ ಬೇರೆ ಅಂಕಿ ತೋರಿಸಿದರೆ, ಪಾದರಸದ ಅಳತೆ ತನ್ನ ಮಾತನ್ನೇ ಉಳಿಸಿಕೊಂಡಿಲ್ಲ. ಪರೀಕ್ಷಿಸಿ ನೋಡಿದರೆ ಆದದ್ದೂ ಅದೇ. ಸಾಧಾರಣ ಗಾಜಿನದಕ್ಕೂ ಸ್ಫಟಿಕದ ಗಾಜಿನದಕ್ಕೂ 300 ಡಿಗ್ರಿ ದಾಟುವ ಹೊತ್ತಿಗೆ ಹಲವು ಡಿಗ್ರಿ ವ್ಯತ್ಯಾಸ ಬಂತು. ಗಾಳಿಯ ಥರ್ಮಾಮೀಟರುಗಳು ಮಾತ್ರ, ಒಳಗೆ ಗಾಳಿಯನ್ನು ದಟ್ಟವಾಗಿ ತುಂಬಿದರೂ ವಿರಳವಾಗಿ ತುಂಬಿದರೂ, ಒಂದೇ ಮಾತು ಹೇಳಿದವು.

ರೆನ್ಯೊನ ಬದುಕಿನ ಕೊನೆ ದುಃಖದ್ದು. 1870ರ ಯುದ್ಧದಲ್ಲಿ ಪ್ರಷ್ಯದ ಸೈನಿಕರು ಸೆವ್ರ್‌ನಲ್ಲಿದ್ದ ಅವನ ಪ್ರಯೋಗಾಲಯವನ್ನು ಧ್ವಂಸ ಮಾಡಿದರು. ಚಿತ್ರಕಾರನಾಗಿದ್ದ ಮಗ ಹೆನ್ರಿ 1871ರ ಜನವರಿಯಲ್ಲಿ ರಣರಂಗದಲ್ಲಿ ಸತ್ತ.

ರೆನ್ಯೊನ ಪ್ರಯೋಗಾಲಯದಲ್ಲಿ 1845ರಲ್ಲಿ ಕೆಲಸ ಕಲಿತಿದ್ದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಗುರುವಿಗೆ ಎದುರು ದಿಕ್ಕಿನಿಂದ ಹೊರಟ. ಯಾವ ಪದಾರ್ಥದ ಹಂಗೂ ಇಲ್ಲದೆ ಉಷ್ಣತೆಯನ್ನು ವ್ಯಾಖ್ಯಾನಿಸಬೇಕೆಂದು 1848ರಲ್ಲಿ ಕಾರ್ನೊನ ಆದರ್ಶ ಎಂಜಿನ್ನಿನ ಮೇಲೆ ‘ಪರಮ ಉಷ್ಣತೆ’ಯನ್ನು ಕಟ್ಟಿದ. ತೊಂದರೆ ಎಂದರೆ ಆ ಎಂಜಿನ್ನು ಕಾಗದದ ಮೇಲೆ ಮಾತ್ರ ಓಡುವಂಥದು. ಹೀಗಾಗಿ ರೆನ್ಯೊನ ಬಳಿ ಸಿದ್ಧಾಂತದ ಬೆಂಬಲವಿಲ್ಲದ ಅಳತೆ, ಥಾಮ್ಸನ್ನನ ಬಳಿ ಅಳತೆಯಿಲ್ಲದ ಅರ್ಥ. ಇವೆರಡನ್ನು ಹೊಲಿದು ಸೇರಿಸಲು ಥಾಮ್ಸನ್ ಮತ್ತು ಜೇಮ್ಸ್ ಜೂಲ್ 1850ರ ದಶಕದಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಗಾಳಿಯ ಥರ್ಮಾಮೀಟರ್ ಪರಮ ಉಷ್ಣತೆಯಿಂದ ತೀರಾ ಸ್ವಲ್ಪವೇ ಸರಿದಿದೆ ಎಂದು ಕಂಡುಬಂತು. ಆ ಸ್ವಲ್ಪವನ್ನು ತಿದ್ದಿಕೊಳ್ಳುವ ಬಗೆಯೂ ತಿಳಿಯಿತು.

*

ಥರ್ಮಾಮೀಟರ್ ತಪ್ಪಿದರೆ ಪಾತ್ರೆ ಒಡೆಯಬಹುದು, ಎಂಜಿನ್ನು ಕೆಡಬಹುದು. ಅಳೆಯುವುದು ಮನುಷ್ಯರನ್ನೇ ಆದಾಗ ಏನಾಗುತ್ತದೆ?

ಶಾಲೆಯಲ್ಲಿ ಹಿಂದುಳಿದ, ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು 1905ರಲ್ಲಿ ಆಲ್ಫ್ರೆಡ್ ಬಿನೆ, ಥಿಯೊಡೋರ್ ಸಿಮೋನ್ ಜೊತೆ ಸೇರಿ ಪ್ಯಾರಿಸ್ಸಿನಲ್ಲಿ ಮೂವತ್ತು ಪ್ರಶ್ನೆ-ಕೆಲಸಗಳ ಒಂದು ಪರೀಕ್ಷೆ ತಯಾರಿಸಿದ. 1908ರ ಪರಿಷ್ಕರಣೆಯಲ್ಲಿ ‘ಮಾನಸಿಕ ವಯಸ್ಸು’ ಎಂಬ ಲೆಕ್ಕ ಬಂತು. ಬುದ್ಧಿಯನ್ನು ಉದ್ದದ ಹಾಗೆ ಗೋಲಿಟ್ಟು ಅಳೆಯಲಾಗದು ಎಂದು ಬಿನೆ ಎಚ್ಚರಿಸಿದ್ದ. ಅದು ಹುಟ್ಟಿನಿಂದ ಬಂದ ಬದಲಾಗದ ಮೊತ್ತ ಎನ್ನುವವರನ್ನು ವಿರೋಧಿಸಿದ್ದ. 1911ರಲ್ಲಿ ಅವನು ತೀರಿಕೊಂಡ. ಪರೀಕ್ಷೆ ಅಮೆರಿಕಕ್ಕೆ ಹೋಗಿ ಬೇರೆಯೇ ಬಾಳು ಬಾಳಿತು. ಬುದ್ಧಿಮತ್ತೆ ಎಂದರೇನೆಂದು ಜಗಳವೆದ್ದಾಗ, 1923ರಲ್ಲಿ ಹಾರ್ವರ್ಡ್‌ನ ಮನೋವಿಜ್ಞಾನಿ ಎಡ್ವಿನ್ ಬೋರಿಂಗ್, ಬುದ್ಧಿಮತ್ತೆಯ ಪರೀಕ್ಷೆಗಳು ಅಳೆಯುವುದೇ ಬುದ್ಧಿಮತ್ತೆ ಎಂದು ಬರೆದ. ಇದು ಸಂಕುಚಿತವಾದ ಆರಂಭಿಕ ವ್ಯಾಖ್ಯೆ, ಮುಂದೆ ಬೆಳೆಯಬೇಕು ಎಂದೂ ಸೇರಿಸಿದ್ದ. ಜನ ನೆನಪಿಟ್ಟುಕೊಂಡಿದ್ದು ಮೊದಲ ಮಾತನ್ನು.

ಬ್ರಿಜ್‌ಮನ್ನನ ಪುಸ್ತಕ ಬಂದ 1927ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ‘ಬಕ್ ವಿರುದ್ಧ ಬೆಲ್’ ಪ್ರಕರಣದ ತೀರ್ಪು ಬಂತು. ಈ ಎರಡಕ್ಕೂ ನೇರ ಸಂಬಂಧವಿಲ್ಲ. ವರ್ಷ ಮಾತ್ರ ಒಂದೇ. ವರ್ಜೀನಿಯಾದ ಕ್ಯಾರಿ ಬಕ್ ಎಂಬ ಹುಡುಗಿ ಸಾಕುಮನೆಯಲ್ಲಿದ್ದಾಗ, ಆ ಮನೆಯವರ ಬಂಧುವಿನಿಂದ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದಳು. ಮನೆಯವರು ಅವಳನ್ನು ‘ಮಂದಬುದ್ಧಿ’ಯವರ ಸರ್ಕಾರಿ ವಸತಿಗೆ ಸೇರಿಸಿದರು. ಅವಳ ತಾಯಿ ಆಗಲೇ ಅಲ್ಲಿದ್ದಳು. ಬಿನೆ ಪರೀಕ್ಷೆಯ ಪ್ರಕಾರ ಕ್ಯಾರಿಯ ಮಾನಸಿಕ ವಯಸ್ಸು ಒಂಬತ್ತು, ತಾಯಿಯದು ಎಂಟಕ್ಕೂ ಕಡಿಮೆ ಎಂದು ದಾಖಲಾಗಿತ್ತು. ಕ್ಯಾರಿಯ ಏಳು ತಿಂಗಳ ಕೂಸು ವಿವಿಯನ್‌ಳನ್ನು ನೋಡಿದ ಸಮಾಜ ಕಾರ್ಯಕರ್ತೆ, ಮಗು ಪೂರ್ತಿ ಸಹಜವಾಗಿ ಕಾಣುತ್ತಿಲ್ಲ ಎಂದು ಸಾಕ್ಷಿ ಹೇಳಿದಳು. ಅಲ್ಲಿಗೆ ಮೂರು ತಲೆಮಾರು ಆಯಿತು. ಎಂಟು ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಕ್ಯಾರಿಗೆ ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದು ಸಂವಿಧಾನಬದ್ಧ ಎಂದು ತೀರ್ಪಾಯಿತು. ಅದೇ ಅಕ್ಟೋಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ವರ್ಜೀನಿಯಾ ಒಂದರಲ್ಲೇ ಮುಂದೆ ಸುಮಾರು ಎಂಟು ಸಾವಿರ ಜನರಿಗೆ ಹೀಗಾಯಿತು.

ವಿವಿಯನ್ ಶಾಲೆಗೆ ಹೋದಳು. ಒಳ್ಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರೂ ಬಂತು. ಎಂಟನೇ ವಯಸ್ಸಿನಲ್ಲಿ, 1932ರಲ್ಲಿ, ಕಾಯಿಲೆಯಿಂದ ತೀರಿಕೊಂಡಳು. ಕ್ಯಾರಿ 1983ರವರೆಗೆ ಬದುಕಿದ್ದಳು. ಪತ್ರಿಕೆ ಓದುತ್ತಿದ್ದ, ಪದಬಂಧ ಬಿಡಿಸುತ್ತಿದ್ದ ಅವಳನ್ನು ಕಂಡವರಿಗೆ ಬುದ್ಧಿಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಆ ಕೋರ್ಟಿನ ಮುಂದೆ ಪರೀಕ್ಷೆಯ ಅಂಕಿಯೊಂದೇ ಇರಲಿಲ್ಲ, ನಿಜ; ಬಡವರ ಬಗೆಗಿನ ತಾತ್ಸಾರ, ಅನುವಂಶೀಯತೆಯ ಕುರಿತ ಅರೆಬರೆ ವಿಜ್ಞಾನ ಎಲ್ಲವೂ ಸೇರಿದ್ದವು. ಆದರೆ ಆ ಅಂಕಿ ಅವಕ್ಕೆಲ್ಲ ವಿಜ್ಞಾನದ ಮುದ್ರೆ ಒತ್ತಿತು. ರೆನ್ಯೊ ಒಂದು ಗಾಜಿನ ನಳಿಕೆಗೆ ಕೇಳಿದ ಪ್ರಶ್ನೆಯನ್ನು ಈ ಪರೀಕ್ಷೆಗೆ ಯಾರೂ ಕೇಳಲಿಲ್ಲ. ಬೇರೆ ದಾರಿಯಿಂದ ಹೋದರೂ ಇದೇ ಉತ್ತರ ಬರುತ್ತದೆಯೇ ಎಂದು ನೋಡಲಿಲ್ಲ. ವೆಜ್‌ವುಡ್‌ನ ಮಣ್ಣಿನ ತುಂಡಿಗೆ ಎದುರಾಗಿ ಪ್ಲಾಟಿನಂ, ಮಂಜು, ಗಾಳಿ ಸಾಕ್ಷಿ ಹೇಳಿದ್ದವು. ಕ್ಯಾರಿಯ ಪರವಾಗಿ ಸಾಕ್ಷಿ ಹೇಳಬಲ್ಲ ಶಾಲೆಯ ದಾಖಲೆಗಳನ್ನೂ ಅವಳನ್ನು ಬಲ್ಲ ಜನರನ್ನೂ ಅವಳ ವಕೀಲ ಕರೆಸಲೇ ಇಲ್ಲ.

*

ತನ್ನ ವಾದ ಮನೋವಿಜ್ಞಾನಕ್ಕೂ ಸಮಾಜವಿಜ್ಞಾನಕ್ಕೂ ಹರಡಿದ್ದನ್ನು ಕಂಡು ಬ್ರಿಜ್‌ಮನ್ ಸಂತೋಷಪಡಲಿಲ್ಲ. 1953ರ ಸಮ್ಮೇಳನವೊಂದರಲ್ಲಿ, ತಾನೊಂದು ಫ್ರಾಂಕನ್‌ಸ್ಟೈನನ್ನು ಸೃಷ್ಟಿಸಿದೆ, ಅದು ತನ್ನ ಕೈತಪ್ಪಿ ಹೋಗಿದೆ ಎಂಬ ಅರ್ಥದಲ್ಲಿ ಮಾತಾಡಿದ. ‘ಆಪರೇಷನಲಿಸಂ’ ಎಂಬ ಪದವೇ ತನಗೆ ಹೇವರಿಕೆ ಹುಟ್ಟಿಸುತ್ತದೆ ಎಂದ. ಅವನಿಗೆ ಬೇಕಾಗಿದ್ದದ್ದು ಒಂದು ಮತಪಂಥವಲ್ಲ, ‘ಇದನ್ನು ಹೇಗೆ ತಿಳಿದೆ?’ ಎಂದು ಎಲ್ಲರನ್ನೂ ಕೇಳುವ ಅಭ್ಯಾಸ. ಅಳೆಯುವ ದಾರಿಯೇ ತೋರದ ದೊಡ್ಡ ಮಾತುಗಳನ್ನು ಆ ಪ್ರಶ್ನೆ ಇಂದಿಗೂ ಬಯಲಿಗೆಳೆಯುತ್ತದೆ. ಅದೇ ಪ್ರಶ್ನೆಯನ್ನು ಅಳತೆಯ ಬಾಯಿ ಮುಚ್ಚಿಸುವ ಉತ್ತರವಾಗಿ ಮಾಡಿಕೊಂಡಾಗ ಕೇಡು ಶುರುವಾಯಿತು.

ಉಷ್ಣತೆಯ ಕತೆ ಈಚೆಗೆ ಇನ್ನೊಂದು ತಿರುವು ಪಡೆದಿದೆ. 1954ರಿಂದ ಕೆಲ್ವಿನ್ ಮಾನವನ್ನು ನೀರಿನ ಒಂದು ವಿಶೇಷ ಸ್ಥಿತಿಗೆ ಕಟ್ಟಲಾಗಿತ್ತು: ಮಂಜು, ನೀರು, ಆವಿ ಮೂರೂ ಒಟ್ಟಿಗೆ ಇರಬಲ್ಲ ಬಿಂದು, 273.16 ಕೆಲ್ವಿನ್. 2019ರ ಮೇ 20ರಿಂದ ಆ ಕಟ್ಟನ್ನೂ ಬಿಚ್ಚಲಾಯಿತು. ಈಗ ಬೋಲ್ಟ್ಸ್‌ಮನ್ ಸ್ಥಿರಾಂಕದ ಬೆಲೆಯನ್ನು ನಿಗದಿ ಮಾಡಿ, ಅದರ ಮೂಲಕ ಕೆಲ್ವಿನ್ನನ್ನು ವ್ಯಾಖ್ಯಾನಿಸಲಾಗಿದೆ. ಈ ವ್ಯಾಖ್ಯೆ ಇಂಥ ಉಪಕರಣವನ್ನೇ ಬಳಸಿ ಎನ್ನುವುದಿಲ್ಲ. ಅನಿಲದಲ್ಲಿ ಶಬ್ದದ ವೇಗವನ್ನು ಅಳೆದು ಬರಬಹುದು, ವಿದ್ಯುತ್ ರೋಧಕದ ಸಣ್ಣ ಗದ್ದಲವನ್ನು ಕೇಳಿ ಬರಬಹುದು, ಕಾದ ವಸ್ತುವಿನ ಬೆಳಕನ್ನು ನೋಡಿ ಬರಬಹುದು. ದಾರಿ ಯಾವುದಾದರೂ ಸರಿ, ಅವು ಒಂದಕ್ಕೊಂದು ಒಪ್ಪಬೇಕು. ಒಪ್ಪದಿದ್ದರೆ ಯಾವುದೋ ಒಂದು ದಾರಿಯನ್ನು ತಿದ್ದಬೇಕು.

ಇದೇ ಮರ್ಯಾದೆ ನಮ್ಮನ್ನು ಅಳೆಯುವ ಅಂಕಿಗಳಿಗೂ ಸಲ್ಲಬೇಕು. ಬುದ್ಧಿ, ಯೋಗ್ಯತೆ, ಬಡತನ ಎಂಬ ಪದಗಳ ಮುಂದೆ ಒಂದು ಸಂಖ್ಯೆ ಬಂದು ಕೂತಾಗ, ಅದನ್ನು ಯಾವ ಕೆಲಸ ಮಾಡಿ ಪಡೆದರು ಎಂದು ಮೊದಲು ಕೇಳಬೇಕು; ಅದು ಬ್ರಿಜ್‌ಮನ್ ಕಲಿಸಿದ್ದು. ಆ ಅಂಕಿ ತಪ್ಪಾಗಿದ್ದರೆ ಅದು ನಮಗೆ ಗೊತ್ತಾಗುವುದು ಹೇಗೆ ಎಂದು ಆಮೇಲೆ ಕೇಳಬೇಕು. ಎರಡನೆಯದಕ್ಕೆ ಉತ್ತರವಿಲ್ಲದ ಅಂಕಿಯ ಆಧಾರದ ಮೇಲೆ ಒಂದು ಮಡಕೆಯನ್ನೂ ಸುಡಬಾರದು.